ಹೋರಿ ಬರೆದ ಕೈಗೆ ಕುದುರೆಯ ಕಾಲು

ಚಿಕ್ಕೇರೂರಿನ ಲಕ್ಷ್ಮಪ್ಪ ಬರೆದ ಹೋರಿ ಎಲ್ಲಿ ಹಾಯ್ದೀತೋ ಎಂದು ಹಿಂದೆ ಸರಿದು ನಿಂತವರಿದ್ದಾರೆ. ನಾನೂ ನಿಂತಿದ್ದೇನೆ, ಸುಳ್ಳೇಕೆ? ನಮ್ಮದು ಅವನ ಪಕ್ಕದ ಮನೆ. ದೀಪಾವಳಿಗೆ ಹೋರಿ ಓಡಿಸುವವರೆಲ್ಲ ತಮ್ಮ ಹೋರಿಯ ಚಿತ್ರವನ್ನು ಬಟ್ಟೆಯ ಮೇಲೆ ಅವನಿಂದಲೇ ಬರೆಸುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ಫೋಟೊ ಕೊಟ್ಟರೆ ಅರ್ಧ ತಾಸಿನಲ್ಲಿ ಹೋರಿ ಕೈಗೆ ಸಿಗುವಾಗ ಲಕ್ಷ್ಮಪ್ಪನ ಹಾದಿ ಯಾರು ಕಾಯುತ್ತಾರೆ? ಅವನ ಹೆಂಡತಿ ಶೇಖವ್ವನ ತಮ್ಮ ಅಂಬರೀಶನದೇ ಹಿರೇಕೆರೂರಿನಲ್ಲಿ ಫ್ಲೆಕ್ಸ್ ಅಂಗಡಿ. ಬಂದು ಹಣದ ಗಲ್ಲೆಯ ಮೇಲೆ ಕುಳಿತುಕೊಳ್ಳಲು ಭಾವನನ್ನು ಕರೆಯುತ್ತಲೇ ಇದ್ದ.

ಆಗಲೇ ಅಕ್ಕಿಆಲೂರಿನ ಗಿರಣಿಯ ಕುಬೇರಪ್ಪ ಸಾಹುಕಾರರು ಹೇಳಿ ಕಳಿಸಿದರು. ಪಂದ್ಯದ ಶರತ್ತಿನಲ್ಲಿ ಓಡುವ ತಮ್ಮ ಹೆಣ್ಣುಗುದುರೆ, ಅದರ ಮೇಲೆ ಸವಾರ ಮುಸ್ತಾಕ, ಇಬ್ಬರದೂ ಎಣ್ಣೆಬಣ್ಣದ ಚಿತ್ರ ಬೇಕು. ಲಕ್ಷ್ಮಪ್ಪ ಕುದುರೆ ಬರೆದವನಲ್ಲ, ಆ ಬಣ್ಣ ಮುಟ್ಟಿದವನೂ ಅಲ್ಲ. ಆದರೂ ಹೂಂ ಅಂದ. ಮನೆಗೆ ಬಂದು ಹೆಂಡತಿಗೆ, “ಇದೊಂದು ಕೆಟ್ಟರ ಬ್ರಶ್ಶು ಅಟ್ಟಕ್ಕ ಹಾಕಿ ಅಂಬರೀಶನ ಅಂಗಡಿಗೆ ಹೋಗ್ತೇನಿ,” ಎಂದ.

ಬೆಳಗಾದರೆ ಬಸ್ಸು ಹತ್ತಿ ಅಕ್ಕಿಆಲೂರು. ಮುಸ್ತಾಕ ಕುದುರೆ ಓಡಿಸುವಾಗ ಇವನು ಬದುವಿನ ಮೇಲೆ ಕುಳಿತು ಗೀಚುತ್ತಿದ್ದ. ಹೋರಿ ತಲೆ ತಗ್ಗಿಸಿ ನುಗ್ಗುತ್ತದೆ, ಕುದುರೆ ಕುತ್ತಿಗೆ ಚಾಚಿ ಓಡುತ್ತದೆ. ಅದನ್ನು ಕೈಗೆ ಕಲಿಸಲು ಎಷ್ಟು ಹಾಳೆ ಹರಿದನೋ. ಬಣ್ಣದ ಕಾಟ ಬೇರೆ. ಬೋರ್ಡಿಗೆ ಬಳಿಯುವ ಎನಾಮಲ್ ಬೆಳಗಾಗುವಷ್ಟರಲ್ಲಿ ಒಣಗುತ್ತದೆ. ಈ ಟ್ಯೂಬಿನ ಎಣ್ಣೆಬಣ್ಣ ವಾರವಾದರೂ ಹಸಿ. “ಹಾಳಾದ್ದು, ಒಣಗವಲ್ದು!” ಎಂಬ ಬೈಗುಳ ನಮ್ಮ ಅಡುಗೆಮನೆಗೇ ಕೇಳುತ್ತಿತ್ತು. ಕೊನೆಗೆ ತಾಳ್ಮೆಗೆಟ್ಟು ಹಿಂಗಾಲಿನ ಒಂದು ಗೊರಸಿಗೆ ಎನಾಮಲ್ಲನ್ನೇ ಬಳಿದುಬಿಟ್ಟ.

ಸಾಹುಕಾರರು ಚಿತ್ರ ನೋಡಲು ಬರುವ ದಿನ ಮುಸ್ತಾಕ ಮೊದಲೇ ಬಂದ. ನಾನೂ ಹೋಗಿ ನಿಂತೆ. ಅರಳಿದ ಹೊಳ್ಳೆ, ಸವಾರನ ಬಾಗಿದ ಬೆನ್ನು, ಎಲ್ಲದರಲ್ಲೂ ಜೀವವಿತ್ತು. ನಗುತ್ತಿದ್ದ ಮುಸ್ತಾಕ ಕೆಳಗೆ ನೋಡಿದವನೇ ಬಗ್ಗಿ ಒಂದು ಗೊರಸಿಗೆ ಬೆರಳು ಹಚ್ಚಿದ.

“ಕಾಕಾ, ಸಿಟ್ಟಾಗಬ್ಯಾಡ್ರಿ. ಕುದುರಿ ಗೊರಸು ಸೀಳಿರಂಗಿಲ್ರಿ. ಇವು ನಾಕೂ ಹೋರಿ ಕಾಲು.”

ದಿನಾ ನೋಡುತ್ತಿದ್ದೆವು, ನಾವೆಲ್ಲ ಹೋರಿ ಸಾಕಿದ ಮನೆಯವರೇ, ಒಬ್ಬರಿಗೂ ಹೊಳೆದಿರಲಿಲ್ಲ. ಲಕ್ಷ್ಮಪ್ಪ ಬ್ರಶ್ಶು ಕೆಳಗಿಟ್ಟು ಕುಳಿತ. ಶೇಖವ್ವ ಫೋನು ಎತ್ತಿಕೊಂಡು ತಮ್ಮನಿಗೆ, “ನಾಳೆ ಅಂಗಡಿಗೆ ಬರ್ತಾರಪ್ಪ,” ಎಂದಳು.

ಗೊರಸು ತೋರಿಸಿದ ಮುಸ್ತಾಕನ ಬೆರಳಿಗೆ ಬಣ್ಣ ಮೆತ್ತಿತ್ತು. ಅದನ್ನು ಕಂಡದ್ದೇ ಲಕ್ಷ್ಮಪ್ಪ ಎದ್ದ. ಟರ್ಪಂಟೈನಿನಲ್ಲಿ ಬಟ್ಟೆ ಅದ್ದಿ ಒರೆಸಿದ. ಹಸಿ ಬಣ್ಣ ಎದ್ದು ಬಂತು. ದಿನಾ ಬೈಸಿಕೊಂಡ ಬಣ್ಣವೇ ಮಾನ ಕಾಯಿತು. ಮೂರು ಗೊರಸು ದುಂಡಗಾದವು. ಎನಾಮಲ್ ಬಳಿದದ್ದು ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಹೊರಗೆ ಕಾರು ನಿಂತ ಸದ್ದು. ಅವಸರದಲ್ಲಿ ಬ್ರಶ್ಶಿನಿಂದ ಆ ಗೊರಸು ಮುಚ್ಚುವಂತೆ ಕೆಂಪು ಧೂಳು ಎಬ್ಬಿಸಿದ.

ಸಾಹುಕಾರರು ಬಗ್ಗಿ ಹಿಂಗಾಲು ನೋಡಿದರು. “ಒಂದ ಕಾಲಿಗೆ ಯಾಕ ಇಷ್ಟು ಧೂಳು?”

ಲಕ್ಷ್ಮಪ್ಪ ಟರ್ಪಂಟೈನಿನ ಬಟ್ಟೆಯನ್ನು ಬೆನ್ನ ಹಿಂದೆ ಸರಿಸಿದ.

“ಕುದುರಿ ಆ ಕಾಲಿಲೆ ನೆಲಾ ಒದ್ದು ಓಡತೈತ್ರಿ ಸಾವ್ಕಾರ್ರ,” ಎಂದ ಮುಸ್ತಾಕ. “ಮ್ಯಾಲೆ ಕುಂತವಗ ಗೊತ್ತಾಗತೈತಿ.”

ಸಾಹುಕಾರರು ತಲೆಯಾಡಿಸಿದರು. “ಒಣಗಿದ ಮ್ಯಾಲೆ ಒಯ್ತೇನಿ. ಅಷ್ಟರಾಗ ಇದರ ಮರೀದೂ ಒಂದು ಸುರು ಮಾಡು.”

ಕಾರು ಹೋದ ಮೇಲೆ ಅಂಬರೀಶ ತಾನೇ ಫೋನು ಮಾಡಿದ, ಭಾವ ನಾಳೆ ಎಷ್ಟೊತ್ತಿಗೆ ಬರುತ್ತಾರೆಂದು. ಶೇಖವ್ವ ಗಂಡನತ್ತ ನೋಡಿದಳು. ಅವನು ನೆಲದ ಮೇಲೆ ಸೀಮೆಸುಣ್ಣದಿಂದ ದುಂಡನೆಯ ಗೊರಸು ಬರೆಯುತ್ತಿದ್ದ, ಒರೆಸುತ್ತಿದ್ದ, ಮತ್ತೆ ಬರೆಯುತ್ತಿದ್ದ.

“ಅವರು ಬರಂಗಿಲ್ಲ ಬಿಡೋ,” ಎಂದಳು. “ಇನ್ನ ಕುದುರಿ ಕಾಲು ಕಲಿಯಾಕತ್ತಾರ.”