ಹಿತ್ತಲಿನಿಂದ ಬಂದ ಚಾಚಿ

ಗೆಳೆಯರೇ, ನನ್ನ ತಲೆ ಇನ್ನೂ ಗಿರ್ರೆನ್ನುತ್ತಿದೆ. ಇವತ್ತು ನಿಪ್ಪಾಣಿಯ ನಮ್ಮ ಮನೆಯಲ್ಲೇ ಕುಳಿತು ಕಂಪ್ಯೂಟರ್ ಭದ್ರತೆಯ ಮೊದಲ ಹಂತದ ಆನ್‌ಲೈನ್ ಪರೀಕ್ಷೆ ಬರೆದೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಕೈಗೆ ಸಿಗಬಹುದಾದ ಪ್ರಮಾಣಪತ್ರ ಇದೊಂದೇ. ಕೋಣೆಯೊಳಗೆ ಬೇರೆ ಯಾರಾದರೂ ಬಂದರೆ ಪರೀಕ್ಷೆ ರದ್ದು ಎಂದು ಕ್ಯಾಮೆರಾದಲ್ಲಿ ನನ್ನನ್ನು ನೋಡುತ್ತಿದ್ದ ಮೇಲ್ವಿಚಾರಕ ಮೊದಲೇ ಹೇಳಿದ್ದ. ಹೆದರಿ ಮುಂಬಾಗಿಲಿಗೆ ಚಿಲಕ ಹಾಕಿದ್ದೆ.

ಅದೇ ತಪ್ಪಾಯಿತು. ನಮ್ಮ ಓಣಿಯಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದ್ದರೆ ಒಳಗೆ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಪಕ್ಕದ ಮನೆಯ ಶಮಾ ಚಾಚಿ ಹಿತ್ತಲಿನಿಂದ ನುಗ್ಗಿ ಬಂದರು.

"ಯಾಕ ಬೇ, ಆರಾಮಿಲ್ಲೇನ?"

"ಚಾಚಿ, ಹೊರಗ ಹೋಗ್ರಿ, ಪರೀಕ್ಷಾ ನಡದೈತಿ!"

"ಯಾರದು?" ಎಂದು ಕಂಪ್ಯೂಟರಿನಿಂದ ಮೇಲ್ವಿಚಾರಕನ ದನಿ.

ಚಾಚಿ ಬೆಚ್ಚಿಬಿದ್ದರು. "ಇಂವ ಯಾಂವ? ಬಾಗಲಾ ಹಾಕ್ಕೊಂಡ ಒಬ್ಬಾಕೀನ ಕುಂತಿ, ನಿನ್ನ ಯಾಕ ನೋಡಾಕತ್ತಾನ?"

ಹೇಗೋ ಅವರನ್ನು ಹೊರಗೆ ಕಳಿಸಿದೆ. ಈ ಸಲ ರದ್ದು ಮಾಡುವುದಿಲ್ಲ, ಆದರೆ ಇದೇ ಕೊನೆಯ ಎಚ್ಚರಿಕೆ ಎಂದ ಮೇಲ್ವಿಚಾರಕ. ಮುಂದಿನ ಪ್ರಶ್ನೆ ತೆರೆದರೆ, ಗುರುತಿನ ಚೀಟಿ ಇಲ್ಲದವರು ನಿಮ್ಮ ಹಿಂದೆಯೇ ಕಚೇರಿಯೊಳಗೆ ಬಂದರೆ ಏನು ಮಾಡುವಿರಿ ಎಂದು ಕೇಳಿದ್ದರು!

"ತಡೆಯುತ್ತೇನೆ" ಎಂಬುದನ್ನು ಒತ್ತುವಷ್ಟರಲ್ಲಿ ಹಿತ್ತಲಿನಿಂದ ಚಾಚಿಯ ಕೂಗು: "ಇಲ್ಲೇ ಕುಂತೀನಿ ಬೇ, ಅಂವ ಏನರ ಅಂದ್ರ ಹೇಳ!"

ಫಲಿತಾಂಶ ಇನ್ನೂ ಬಂದಿಲ್ಲ. ಇಷ್ಟು ತಿಂಗಳು ಭದ್ರತೆಯನ್ನೇ ಓದಿದ ನನಗೆ, ಇವತ್ತು ನಮ್ಮ ಮನೆಗೆ ನುಗ್ಗಿದವರು ಯಾರು, ಕಾವಲು ಕಾದವರು ಯಾರು ಎಂಬುದೇ ತಿಳಿಯುತ್ತಿಲ್ಲ.