ತೂಕಕ್ಕಿಟ್ಟ ಮದರ್‌ಬೋರ್ಡ್

ಗೆಳೆಯರೇ, ಆಫೀಸಿಗೆ ಒಳ್ಳೆಯ ಮದರ್‌ಬೋರ್ಡ್ ಆರಿಸುವುದು ಹೇಗೆಂದು ಇವತ್ತು ಮಹಾರಾಷ್ಟ್ರ ಗಡಿಯ ಮುರುಮ ಎಂಬ ಊರಲ್ಲಿ ಕಲಿತೆ.

ನಾನು ಕೆಲಸ ಮಾಡುವ, ರೈತರ ಧಾನ್ಯ ಕೊಳ್ಳುವ ಅಡತಿ ಅಂಗಡಿಯ ಎರಡೂ ಕಂಪ್ಯೂಟರ್ ಕೆಟ್ಟು ಕೂತಿವೆ. ಹೊರಗೆ ತೊಗರಿ ತಂದ ರೈತರು ಬಿಲ್ಲಿಗಾಗಿ ಕಾಯುತ್ತಿದ್ದಾರೆ. ಉಮರ್ಗಾದಿಂದ ಎರಡು ಬಗೆಯ ಬೋರ್ಡ್ ತರಿಸಿ ಮಾಲೀಕರಾದ ಶೇಠರ ಮುಂದಿಟ್ಟೆ.

"ಈ ಸಣ್ಣ ಡಬ್ಬಿದು ತಗೋರಿ ಶೇಠಜಿ. ಸಸ್ತಾ ಅದ, ಮೂರ್ ವರ್ಷ ಗ್ಯಾರಂಟಿ ಅದ, ಕೆಟ್ರ ಲಾತೂರದಾಗೇ ರಿಪೇರಿ ಆಗ್ತದ."

ಶೇಠರು ಎರಡೂ ಡಬ್ಬಿಗಳನ್ನು ಧಾನ್ಯ ತೂಗುವ ಕಾಟಾದ ಮೇಲೆ ಒಂದೊಂದಾಗಿ ಇಟ್ಟು ನೋಡಿದರು.

"ನೀ ಹೇಳಿದ್ದು ಭಾಳ ಹಲ್ಕಾ ಅದ. ಈ ದೊಡ್ಡದು ನೋಡು, ಹೆಂಗ ವಜನ್ ಅದ! ಮಾಲ್ ಅಂದ್ರ ಇದು."

"ಇದೇನ್ ತೊಗರಿ ಏನ್ರಿ, ತೂಗಿ ತಗೊಳ್ಳಾಕ?"

"ನಂಗ ಕಲಸ್ಬ್ಯಾಡ. ಹುಟ್ಟಿದಾಗಿಂದ ಮಾಲ್ ನೋಡ್ಲಾಕತ್ತೀನಿ."

ದುಬಾರಿಯಾದರೂ ದೊಡ್ಡ ಡಬ್ಬಿಯದೇ ಖರೀದಿಯಾಯಿತು. ಬಿಚ್ಚಿದರೆ ಒಳಗೆ ಹಪ್ಪಳದಂಥ ಬೋರ್ಡು! ಉಳಿದ ತೂಕವೆಲ್ಲ ದಪ್ಪ ರಟ್ಟಿನದು. ಶೇಠರು ಬೋರ್ಡನ್ನು ಬಿಟ್ಟು ಡಬ್ಬಿಯನ್ನೇ ದಿಟ್ಟಿಸುತ್ತ ಕೂತರು.

ರೈತರ ಮಾಲು ತೂಗುವಾಗ ಖಾಲಿ ಚೀಲದ ತೂಕ ಕಳೆಯಲು ಒಂದು ದಿನವೂ ಮರೆಯದ ಮಹಾನುಭಾವರು, ಇವತ್ತು ಡಬ್ಬಿಯ ತೂಕ ಕಳೆಯುವುದನ್ನು ಮರೆತಿದ್ದರು.