‘ಸಾಗು’ ಎಂದದ್ದು

ಈ ವರ್ಷ ಜನವರಿಯ ಒಂದು ಭಾನುವಾರ ಬೆಳಿಗ್ಗೆ, ಚೆನ್ನೈನ ಪೂರ್ವ ಕರಾವಳಿ ರಸ್ತೆಯಲ್ಲಿ ನಡೆದ ಮ್ಯಾರಥಾನಿನ ಕೊನೆಯ ಹಂತದಲ್ಲಿ, ಸ್ವಯಂಸೇವಕಿಯೊಬ್ಬರು ನನ್ನ ಅತ್ತಿಗೆಯನ್ನು ತಡೆದು ಕುರ್ಚಿಯಲ್ಲಿ ಕೂರಿಸಿದರು. ಅತ್ತಿಗೆ ಬಿದ್ದಿರಲಿಲ್ಲ, ವಾಂತಿ ಮಾಡಿರಲಿಲ್ಲ, ಯಾವ ನಿಯಮವನ್ನೂ ಮುರಿದಿರಲಿಲ್ಲ. ಅವಳನ್ನು ತಡೆದದ್ದು ಪಕ್ಕದಲ್ಲಿ ಓಡುತ್ತಿದ್ದ ನಾನು ಹೇಳುತ್ತಿದ್ದ ಒಂದು ಕನ್ನಡ ಪದಕ್ಕಾಗಿ.

ನಾನು ಇಂಗ್ಲಿಷ್ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೇನೆ. ಬೇರೆಯವರು ಬರೆದುಕೊಟ್ಟ ಸುದ್ದಿಯಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಕೂತಲ್ಲೇ ಕೂರಬೇಕು, ನನ್ನಿಂದ ಅದೇ ಆಗುವುದಿಲ್ಲ. ಮೇಜಿನ ಕೆಳಗೆ ಕಾಲು ತಾನಾಗಿ ಅಲ್ಲಾಡುತ್ತಿರುತ್ತದೆ. ಎದುರು ಕೂರುವ ಸಹೋದ್ಯೋಗಿ ಒಂದು ದಿನ, ನಿನ್ನ ಕಾಲಿನಿಂದ ನನ್ನ ಕಂಪ್ಯೂಟರ್ ಅದುರುತ್ತಿದೆ, ಎಲ್ಲಾದರೂ ಹೋಗಿ ಓಡಿ ಬಾ ಎಂದರು. ತಮಾಷೆಗೆ ಹೇಳಿದ್ದು. ಮರುವಾರ ನಾನು ಮರೀನಾದಲ್ಲಿ ಹತ್ತು ಕಿಲೋಮೀಟರಿನ ಓಟವೊಂದಕ್ಕೆ ಹೆಸರು ಕೊಟ್ಟೆ. ಆಮೇಲೆ ಅರ್ಧ ಮ್ಯಾರಥಾನ್, ಆಮೇಲೆ ಪೂರ್ತಿ. ಒಂದು ಓಟ ಮುಗಿದ ಸಂಜೆಯೇ ಮುಂದಿನದು ಯಾವಾಗ ಎಂದು ನೋಡುವ ಚಟ ಬಂತು. ಓಡಿ ಬಂದ ಮೇಲೆ ಕಾಲು ಸುಮ್ಮನಿರುತ್ತದೆ ಎಂದುಕೊಂಡಿದ್ದೆ. ಒಂದೆರಡು ದಿನ ಇರುತ್ತದೆ, ಅಷ್ಟೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ನಾನು ಅವಳ ನಾದಿನಿ. ನನಗಿಂತ ಒಂದು ವರ್ಷ ಚಿಕ್ಕವಳು, ಆದ್ದರಿಂದ ನಮ್ಮಿಬ್ಬರಲ್ಲಿ ಏಕವಚನವೇ. ನಮ್ಮದು ತಲೆಮಾರುಗಳಿಂದ ಮದರಾಸಿನಲ್ಲಿರುವ ಮನೆತನ. ವೆಸ್ಟ್ ಮಾಂಬಲಂನ ಫ್ಲ್ಯಾಟಿನಲ್ಲಿ ನಾವು ಆಡುವ ಕನ್ನಡದಲ್ಲಿ ಅರ್ಧ ತಮಿಳು. ಅವಳದು ಉಡುಪಿ ಕಡೆಯ ಹೋಟೆಲಿನ ಮನೆತನ. ಏಳನೇ ತರಗತಿಯವರೆಗೆ ಅಲ್ಲಿ ಅಜ್ಜಿಯ ಮನೆಯಲ್ಲಿ ಓದಿದಳು. ಆಮೇಲೆ ತಂದೆಯ ಹೋಟೆಲಿದ್ದ ಪೆರಂಬೂರಿಗೆ ಬಂದಳು. ತಂದೆ ಹೋದ ಮೇಲೆ ಆ ಹೋಟೆಲನ್ನು ಅವಳೂ ಅವಳ ಅಣ್ಣನೂ ನಡೆಸುತ್ತಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲರೂ ಅವಳ ಅಣ್ಣನನ್ನು ಹೋಟೆಲಣ್ಣ ಎಂದೇ ಕರೆಯುವುದು.

ರೈಲ್ವೆ ಕೋಚ್ ಫ್ಯಾಕ್ಟರಿಯ ಬೆಳಗಿನ ಶಿಫ್ಟಿಗೆ ಹೋಗುವವರೇ ಆ ಹೋಟೆಲಿನ ಮುಖ್ಯ ಗಿರಾಕಿಗಳು. ಹೊತ್ತು ಮೂಡುವ ಮುಂಚೆಯೇ ಇಡ್ಲಿ ಪಾತ್ರೆಗೆ ಹಬೆ ಬಂದಿರಬೇಕು. ಮದುವೆಗೆ ಮುಂಚೆ ಮತ್ತು ಮದುವೆಯಾಗಿ ಎಷ್ಟೋ ವರ್ಷ ಆ ಬೆಳಗಿನ ಶಿಫ್ಟ್ ಅತ್ತಿಗೆಯದಾಗಿತ್ತು. ನನ್ನ ಜೊತೆ ಓಡಲು ಶುರುಮಾಡಿದ ಮೇಲೆ ಅವಳು ಅದನ್ನು ಹೋಟೆಲಣ್ಣನಿಗೆ ಬಿಟ್ಟಳು. ಅವರಿಗೆ ಐವತ್ತೆಂಟು. ಕಾಲಿನ ನರಗಳು ಉಬ್ಬಿ ಗಂಟು ಕಟ್ಟಿವೆ. ಮೊಣಕಾಲಿನವರೆಗೆ ಪಟ್ಟಿ ಸುತ್ತಿಕೊಂಡು ಹಬೆಯ ಮುಂದೆ ನಿಲ್ಲುತ್ತಾರೆ.

ಮೊದಲ ವರ್ಷ ಅವರು ಏನೂ ಅನ್ನಲಿಲ್ಲ. ಎಣ್ಣೂರಿನ ಹತ್ತಿರ ನಡೆದ ಅರ್ಧ ಮ್ಯಾರಥಾನನ್ನು ಅತ್ತಿಗೆ ಮುಗಿಸಿ ಬಂದಾಗ ಖುಷಿಯೂ ಪಟ್ಟರು. ಅದು ವಿದ್ಯುತ್ ಸ್ಥಾವರಗಳ ಪಕ್ಕದ ರಸ್ತೆ. ಗಂಟಲಲ್ಲಿ ಬೂದಿಯ ರುಚಿ. ಬಲೆಯಿಂದ ಮೀನು ಬಿಡಿಸುತ್ತಾ ಕೂತಿದ್ದ ಹೆಂಗಸರು, ನಿಮ್ಮನ್ನು ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ತಮಿಳಿನಲ್ಲಿ ಕೂಗಿ ಕೇಳಿದರು. ಅತ್ತಿಗೆ ತಿರುಗಿ, ನಮ್ಮಣ್ಣ ಎಂದಳು. ಅವರು ನಕ್ಕದ್ದು ಮುಂದಿನ ತಿರುವಿನವರೆಗೂ ಕೇಳಿಸುತ್ತಿತ್ತು.

ಪೂರ್ತಿ ಮ್ಯಾರಥಾನ್ ಅವಳಿಗೆ ಒಗ್ಗಲಿಲ್ಲ. ಇಂಥ ಓಟಗಳಿಗೆ ಸಮಯದ ಗಡಿ ಇರುತ್ತದೆ. ಅದು ಮೀರಿದರೆ ರಸ್ತೆಯನ್ನು ವಾಹನಗಳಿಗೆ ಬಿಟ್ಟುಕೊಡುತ್ತಾರೆ. ಹಿಂದೆ ಉಳಿದವರನ್ನು ಹತ್ತಿಸಿಕೊಳ್ಳಲು ಒಂದು ಬಸ್ ಬರುತ್ತದೆ. ಅತ್ತಿಗೆ ಅದಕ್ಕೆ ‘ಕುಪ್ಪೆ ವಂಡಿ’ ಎಂದು ಹೆಸರಿಟ್ಟಿದ್ದಾಳೆ, ಕಸದ ಗಾಡಿ. ಎರಡು ವರ್ಷದಲ್ಲಿ ಎರಡು ಸಲ ಅವಳು ಕುಪ್ಪೆ ವಂಡಿಯಲ್ಲಿ ಬಂದಳು. ಎರಡನೆಯ ಸಲ ಹೋಟೆಲಣ್ಣ ಎಲ್ಲರ ಮುಂದೆ ಮಾತು ತೆಗೆದರು. ನನ್ನ ಕಾಲು ನೋಡು, ಇನ್ನೊಂದು ವರ್ಷ ಕೊಡುತ್ತೇನೆ, ಸಮಯದೊಳಗೆ ಮುಗಿಸಿದರೆ ಬೆಳಗಿನ ಹೊತ್ತು ನಿನ್ನದು, ನಾನು ಆಳು ಇಟ್ಟುಕೊಂಡು ಹೇಗೋ ಮಾಡುತ್ತೇನೆ, ಇಲ್ಲವೆಂದರೆ ಶಿಫ್ಟಿಗೆ ವಾಪಸ್ ಬಾ ಎಂದರು. ಅತ್ತಿಗೆ ಒಪ್ಪಿದಳು. ನನ್ನ ಅಣ್ಣ ಯಾರ ಪಕ್ಷವನ್ನೂ ವಹಿಸಲಿಲ್ಲ.

ಅಲ್ಲಿಂದ ಅವಳ ಪಕ್ಕದಲ್ಲಿ ಓಡಿ ವೇಗ ಹಿಡಿದಿಡುವುದು ನನ್ನ ಜವಾಬ್ದಾರಿಯಾಯಿತು. ಅದಕ್ಕೆ ಒಂದು ಪದ ಬೇಕಿತ್ತು. ದಣಿದವಳಿಗೆ ವಾಕ್ಯ ತಲೆಗೆ ಹೋಗುವುದಿಲ್ಲ. ಮೊದಲು ‘ಓಡು’ ಎಂದು ನೋಡಿದೆ.

“ಓಡು ಓಡು ಅಂತ ಹೇಳ್ಬೇಡ ಮಾರಾಯ್ತಿ. ಹೋಟ್ಲಲ್ಲಿ ಸಪ್ಲಾಯರ್‌ಗೆ ಹೇಳಿದ ಹಾಗೆ ಕೇಳ್ತದೆ. ನಂಗೆ ನಿಲ್ವ ಅನ್ಸ್ತದೆ.”

‘ನಡಿ’ ಎಂದೆ. ಅವಳ ಮಗಳು ಅದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. ಇಲ್ಲೇ ಓದಿದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ. ತಮಿಳಿನಲ್ಲಿ ‘ನಡಿ’ ಎಂದರೆ ನಟಿಸು. ಅಮ್ಮನಿಗೆ ಓಡುವ ಹಾಗೆ ನಟಿಸು ಅನ್ನುತ್ತಿದ್ದೀಯಾ ಎಂದು ಕೇಳಿದಳು. ಆ ಪದವೂ ಹೋಯಿತು.

ಕೊನೆಗೆ ಪದ ಕೊಟ್ಟವಳು ಅತ್ತಿಗೆಯೇ. ಊರಿನ ಶಾಲೆಯಲ್ಲಿ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಮಕ್ಕಳನ್ನು ಸಾಲಾಗಿ ನಡೆಸುವಾಗ ಡ್ರಿಲ್ ಮಾಸ್ತರರು ‘ಸಾಗಿ, ಸಾಗಿ’ ಎನ್ನುತ್ತಿದ್ದರಂತೆ. ಆ ಮಾತು ಕೇಳಿದರೆ ಕಾಲು ತಾನಾಗಿ ಏಳುತ್ತಿತ್ತು ಎಂದಳು. ಹಾಗೆ ‘ಸಾಗು’ ಬಂತು. ನಮ್ಮ ಮನೆಯ ಕನ್ನಡದಲ್ಲಿ ಆ ಪದ ಇಲ್ಲ, ಪುಸ್ತಕದಲ್ಲಿ ಓದಿದ್ದೆ. ಹೇಳಲು ಚೆನ್ನಾಗಿತ್ತು. ಒಂದು ವರ್ಷ ಪೂರ್ತಿ, ಇನ್ನೂ ಜನ ಸೇರದ ಕಡಲ ದಂಡೆಯ ರಸ್ತೆಯಲ್ಲಿ ಅದನ್ನು ಹೇಳಿಕೊಂಡೇ ಓಡಿದೆವು.

ತಮಿಳಿನಲ್ಲಿ ‘ಸಾಗು’ ಎಂದರೆ ಸಾಯಿ. ಇದು ನಮ್ಮಿಬ್ಬರಿಗೂ ಗೊತ್ತಿದ್ದ ವಿಷಯ. ಬಿಸಿಲು ಜಾಸ್ತಿಯಾದರೆ ‘ಸಾಗುರೇನ್’, ಸಾಯುತ್ತಿದ್ದೇನೆ, ಎಂದು ನಾನೇ ದಿನಕ್ಕೆ ಹತ್ತು ಸಲ ಅನ್ನುತ್ತೇನೆ. ಆದರೂ ಹೊಳೆಯಲಿಲ್ಲ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆ ಆಡುವವರಿಗೆ ಅವು ಬೇರೆ ಬೇರೆ ಡಬ್ಬಿಗಳಲ್ಲಿರುತ್ತವೆ. ‘ನಡಿ’ಯನ್ನು ಹಿಡಿದ ಮಗಳು ಆ ವರ್ಷ ಪರೀಕ್ಷೆಗೆ ಓದುತ್ತಿದ್ದಳು, ನಮ್ಮ ಜೊತೆ ಬರುವುದನ್ನು ಬಿಟ್ಟಿದ್ದಳು.

ಓಟದ ದಿನ ಅತ್ತಿಗೆ ನಿಂತಲ್ಲಿ ನಿಲ್ಲಲಿಲ್ಲ. ಎದೆಗೆ ಸಿಕ್ಕಿಸಿದ ನಂಬರಿನ ಪಿನ್ನುಗಳನ್ನು ತೆಗೆದು ಮತ್ತೆ ಸಿಕ್ಕಿಸಿದಳು. ಶೂ ಲೇಸು ಬಿಚ್ಚಿ ಕಟ್ಟಿದಳು. ಶೌಚಾಲಯದ ಸಾಲಿನಲ್ಲಿ ನಿಂತು, ಸರದಿ ಬರುವಷ್ಟರಲ್ಲಿ ಬೇಡವೆಂದು ವಾಪಸ್ ಬಂದಳು. ಅಣ್ಣ ಇಷ್ಟು ಹೊತ್ತಿಗೆ ಎರಡನೇ ಪಾತ್ರೆ ಇಳಿಸಿರುತ್ತಾನೆ ಎಂದಳು. ನನಗೂ ನೋಡುತ್ತಾ ನೋಡುತ್ತಾ ಚಡಪಡಿಕೆ ಹತ್ತಿತು. ಓಟ ಶುರುವಾದದ್ದೇ ಒಂದು ಬಿಡುಗಡೆ.

ಅಡ್ಯಾರ್ ದಾಟುವವರೆಗೆ ನಾನು ಮಾತಾಡುವ ಅಗತ್ಯವೇ ಬರಲಿಲ್ಲ. ತಿರುವಾನ್ಮಿಯೂರಿನ ಆಚೆ ಸೂರ್ಯ ಏರಿದ ಮೇಲೆ ಅವಳ ಹೆಜ್ಜೆ ಚಿಕ್ಕದಾಯಿತು. ಮುಖದ ಮೇಲೆ ಬೆವರು ಒಣಗಿ ಉಪ್ಪು ಬಿಳಿಯಾಗಿ ಕೂತಿತು. ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅವಳು ಹೇಳಲಿಲ್ಲ, ಓಟ ನೋಡಿದರೆ ತಿಳಿಯುತ್ತಿತ್ತು. ಆದರೂ ನಾವು ಸಮಯದೊಳಗೆ ಇದ್ದೆವು. ಗಡಿಯಾರ ನೋಡಿ ಲೆಕ್ಕ ಹಾಕುತ್ತಿದ್ದೆ: ನಡೆದುಕೊಂಡು ಹೋದರೆ ಸಮಯ ಸಾಲುವುದಿಲ್ಲ, ಹೀಗೇ ಕುಂಟುತ್ತಾ ಓಡಿದರೆ ಸ್ವಲ್ಪ ಉಳಿಯುತ್ತದೆ. ಅವಳ ಕಿವಿಯ ಹತ್ತಿರ ‘ಸಾಗು’ ಎನ್ನುವುದು ಸಾಲದೆ ಜೋರಾಗಿ ಕೂಗತೊಡಗಿದೆ. ಸಾಗು, ಸಾಗು.

ಕೊನೆಯ ನೀರಿನ ಟೇಬಲ್ ಹತ್ತಿರ ಐವತ್ತು ದಾಟಿದ ಹೆಂಗಸೊಬ್ಬರು ಲೋಟ ಹಿಡಿದು ನಿಂತಿದ್ದರು. ಸ್ವಯಂಸೇವಕರ ಟೀ ಶರ್ಟನ್ನು ಸೀರೆಯ ಮೇಲೆ ಹಾಕಿಕೊಂಡಿದ್ದರು. ನಾವು ಹತ್ತಿರ ಬಂದಂತೆ ಅವರ ಮುಖ ಬಿಗಿಯಿತು. ಲೋಟ ಕೆಳಗಿಟ್ಟು ರಸ್ತೆಗೆ ಬಂದು ಅತ್ತಿಗೆಯ ಎರಡೂ ತೋಳು ಹಿಡಿದರು.

“ಎನ್ನಮ್ಮಾ ಇದು, ಸಾಗು ಸಾಗುನ್ನು ಸೊಲ್ಲಿಟ್ಟೇ ವರೀಂಗ?” ಎಂದು ನನ್ನನ್ನು ಕೇಳಿದರು. ಏನಮ್ಮ ಇದು, ಸಾಯಿ ಸಾಯಿ ಎಂದು ಹೇಳಿಕೊಂಡೇ ಬರುತ್ತಿದ್ದೀರಲ್ಲ.

ಆಗ ಹೊಳೆಯಿತು. ಅದು ಕನ್ನಡ, ಮುಂದೆ ಹೋಗು ಎಂದು ಅರ್ಥ ಎಂದು ತಮಿಳಿನಲ್ಲಿ ಹೇಳಿದೆ. ಅವರು ನಂಬಲಿಲ್ಲ. ಇಷ್ಟು ಚೆನ್ನಾಗಿ ತಮಿಳು ಮಾತಾಡುತ್ತೀರಿ, ನಿಮಗೆ ಅದರ ಅರ್ಥ ಗೊತ್ತಿಲ್ಲವೇ ಎಂದರು. ಅತ್ತಿಗೆ ಬಾಯಿ ತೆರೆದಳು. ಗಂಟಲು ಒಣಗಿ ಮಾತು ಹೊರಡಲಿಲ್ಲ. ಅವಳ ಕಣ್ಣಿನಿಂದ ನೀರು ಬರುತ್ತಿತ್ತು. ಮುಖದ ಉಪ್ಪು ಕಣ್ಣಿಗೆ ಇಳಿದದ್ದಕ್ಕೆ ಬಂದ ನೀರು. ಅದನ್ನು ನೋಡಿದ ಮೇಲೆ ಆ ಹೆಂಗಸು ನನ್ನ ಕಡೆ ತಿರುಗಲೇ ಇಲ್ಲ. ಕುರ್ಚಿ ತರಿಸಿ ಕೂರಿಸಿ, ಆಂಬುಲೆನ್ಸಿನ ಡಾಕ್ಟರನ್ನು ಕರೆಸಿದರು.

ವೈದ್ಯಕೀಯ ತಂಡ ಒಮ್ಮೆ ಕೂರಿಸಿದರೆ ಅವರು ಬಿಡುವವರೆಗೆ ಏಳುವಂತಿಲ್ಲ. ಡಾಕ್ಟರು ಬಿ.ಪಿ. ನೋಡಿದರು, ನಾಡಿ ನೋಡಿದರು, ಇದು ಯಾವ ದಿನ, ಎಲ್ಲಿದ್ದೀರಿ ಎಂದು ಕೇಳಿದರು. ಕೂತಲ್ಲೇ ಅತ್ತಿಗೆಯ ಎರಡೂ ಕಾಲು ನೆಲದ ಮೇಲೆ ಓಡುತ್ತಿದ್ದವು. ಬೆಳ್ಳಗಿನ ಬಸ್ಸೊಂದು ದೂರದಲ್ಲಿ ನಿಧಾನವಾಗಿ ಬರುತ್ತಿರುವುದು ಕಾಣಿಸಿತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಡಾಕ್ಟರಿಗೆ ಭಾನುವಾರ ಎಂದಳು. ಅವರು ಬಿಟ್ಟರು. ಆ ಹೆಂಗಸು ಅವಳ ಕೈಗೆ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು, ಅವಳು ಎದ್ದು ಓಡುವುದನ್ನು ಅನುಮಾನದಿಂದಲೇ ನೋಡುತ್ತಾ ನಿಂತರು.

ಸ್ವಲ್ಪ ದೂರ ನಾನು ಆ ಪದ ಹೇಳದೆ ಓಡಿದೆ.

“ಈಗ ಹೇಳು,” ಎಂದಳು ಅತ್ತಿಗೆ.

“ಏನು?”

“ಅದೇ. ಮೆಲ್ಲ ಹೇಳು.”

ಉಳಿದ ದೂರವನ್ನು ಪಿಸುಮಾತಿನಲ್ಲಿ ಹೇಳಿಕೊಂಡು ಮುಗಿಸಿದೆವು. ಬಸ್ ನಮ್ಮ ಹಿಂದೆಯೇ ಬಂತು; ಬಾಗಿಲಲ್ಲಿ ನಿಂತವನು ಹತ್ತಿ ಎಂದು ಎರಡು ಸಲ ಕರೆದ, ಅವಳು ತಿರುಗಿ ನೋಡಲಿಲ್ಲ. ಮುಕ್ತಾಯದ ಕಮಾನು ಇನ್ನೂ ನಿಂತಿತ್ತು. ಓಟಗಾರರ ಸಮಯ ದಾಖಲಿಸಲು ನೆಲಕ್ಕೆ ಹಾಸಿದ್ದ ಚಾಪೆಯನ್ನು ಇಬ್ಬರು ಸುತ್ತುತ್ತಿದ್ದರು. ಅತ್ತಿಗೆ ಆ ಸುರುಳಿಯ ಪಕ್ಕದಲ್ಲಿ ದಾಟಿದಳು. ವೈರು ಬಿಚ್ಚುತ್ತಿದ್ದ ಮೈಕಿನವನು ಒಂದು ಪದಕ ತೆಗೆದು ಅವಳ ಕೊರಳಿಗೆ ಹಾಕಿದ. ಮಗಳು ಮನೆಯಲ್ಲಿ ಬೆಳಿಗ್ಗೆಯಿಂದ ಓಟಗಾರರನ್ನು ತೋರಿಸುವ ಆ್ಯಪ್ ನೋಡುತ್ತಾ ಕೂತಿದ್ದಳು. ಅಮ್ಮಾ, ಇದರಲ್ಲಿ ನೀನು ಇನ್ನೂ ಓಡುತ್ತಿದ್ದೀಯಲ್ಲ, ಎಲ್ಲಿದ್ದೀಯ ಎಂದು ಫೋನ್ ಮಾಡಿ ತಮಿಳಿನಲ್ಲಿ ಕೇಳಿದಳು.

ಪೆರಂಬೂರಿಗೆ ನೇರ ಹೋಗೋಣ ಎಂದಳು ಅತ್ತಿಗೆ. ದಾರಿಯಲ್ಲಿ ಪದಕವನ್ನು ತೆಗೆದು ನನ್ನ ಚೀಲಕ್ಕೆ ಹಾಕಿದಳು. ಹೋಟೆಲಣ್ಣನಿಗೆ ಇದನ್ನು ತೋರಿಸು, ನಡೆದದ್ದನ್ನು ನಾನು ಹೇಳುತ್ತೇನೆ, ಸಂಘಟಕರಿಗೂ ಬರೆಯುತ್ತೇನೆ ಎಂದೆ.

“ತೋರಿಸ್ಬೇಡ. ಮಧ್ಯಾಹ್ನ ಉಳಿದ ಇಡ್ಲಿಯನ್ನು ಯಾರನ್ನಾದ್ರೂ ಕರೆದು ಕೊಡ್ತೇವಲ್ಲ, ಹಾಗೆ ಕೊಟ್ಟದ್ದು ಅದು.”

ಹೋಟೆಲಣ್ಣ ಗಲ್ಲಾದ ಹಿಂದೆ ಕಾಲು ಎತ್ತಿ ಸ್ಟೂಲಿನ ಮೇಲಿಟ್ಟು ಕೂತಿದ್ದರು. ತಂಗಿಯ ಮುಖ ನೋಡಿ, ಮೊದಲು ಕಾಫಿ ತರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನು ಪೇಪರಿನವಳಲ್ವಾ. ಸುತ್ತಿ ಬಳಸಿ ಬೇಡ. ಮುಗಿಸಿದ್ಳಾ, ಇಲ್ವಾ?”

ಪೂರ್ತಿ ದೂರ ಓಡಿದಳು, ಸಮಯದೊಳಗೆ ಮುಗಿಸಲಿಲ್ಲ, ತಡವಾದದ್ದಕ್ಕೆ ಕಾರಣ ಅವಳಲ್ಲ ಎಂದು ಮೂರು ವಾಕ್ಯದಲ್ಲಿ ಹೇಳಿದೆ. ಕಾರಣ ಕೇಳಿದರು, ಅದನ್ನೂ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಅಡುಗೆ ಮನೆಯಿಂದ ಇಬ್ಬರು ಬಂದು ಕೇಳಿಸಿಕೊಂಡು ಒಳಗೆ ಹೋಗಿ ‘ಸಾಗು’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಹೋಟೆಲಣ್ಣ ಕಾಲಿನ ಪಟ್ಟಿಯನ್ನು ಸರಿಮಾಡಿಕೊಂಡರು. ಹಾಗಾದರೆ ಏನು ಮಾಡುವುದು ಎಂದು ಅವರು ಕೇಳುವ ಮುಂಚೆಯೇ ಅತ್ತಿಗೆ ಮಾತಾಡಿದಳು.

“ನಾಳೆಯಿಂದ ಬರ್ತೇನೆ. ಮಧ್ಯಾಹ್ನ ಮೂರರಿಂದ ಐದು ನಂದು. ಆಗ ಹೋಟ್ಲಲ್ಲಿ ಯಾರೂ ಇರುದಿಲ್ಲ.”

“ಆ ಬಿಸಿಲಿಗಾ?”

“ನಿನ್ನ ಇಡ್ಲಿ ಹಬೆಗಿಂತ ತಂಪು ಉಂಟು.”

ಅವರು ಸ್ಟೂಲಿನಿಂದ ಕಾಲು ಇಳಿಸಿ, ಆಯ್ತು ಎಂದರು.

ಆ ಸೋಮವಾರದಿಂದ ಅತ್ತಿಗೆ ಬೆಳಗಿನ ಶಿಫ್ಟಿನಲ್ಲಿದ್ದಾಳೆ. ಮಧ್ಯಾಹ್ನ ಪೆರಂಬೂರಿನ ಮೈದಾನವೊಂದರಲ್ಲಿ ತಲೆಗೆ ಒದ್ದೆ ಟವೆಲ್ ಕಟ್ಟಿಕೊಂಡು ಸುತ್ತು ಹಾಕುತ್ತಾಳೆ. ಆ ಹೊತ್ತಿಗೆ ನನಗೆ ಡೆಸ್ಕಿನ ಮೀಟಿಂಗ್, ಜೊತೆಗೆ ಹೋಗಲಾಗುವುದಿಲ್ಲ. ಸಂಘಟಕರಿಗೆ ನಾನು ಬರೆದೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು, ಆಮೇಲೆ ಏನೂ ಬಂದಿಲ್ಲ. ಮುಂದಿನ ಜನವರಿಯ ಓಟಕ್ಕೆ ಅವಳು ಹೆಸರು ಕೊಟ್ಟಿದ್ದಾಳೆ. ನಿನ್ನೆ ಮಧ್ಯಾಹ್ನ ಮೂರೂವರೆಗೆ ಮೀಟಿಂಗಿನ ಮಧ್ಯೆ ಎದ್ದು ಹೊರಗೆ ಬಂದು, ಮೆಲ್ಲಗೆ ‘ಸಾಗು’ ಎನ್ನೋಣವೆಂದು ಅವಳಿಗೆ ಫೋನ್ ಮಾಡಿದೆ. ಅವಳು ಎತ್ತಲಿಲ್ಲ, ಓಡುತ್ತಿದ್ದಳು.